ಪುಸ್ತಕ ಓದಿದ ಮಕ್ಳಿಗೆ ಅದ್ರದ್ದೇ ಸಿನಿಮಾ ತೋರ್ಸಿ ಜಗಳ ಹಚ್ಚಿಟ್ಟೆ, ಈಗ ಎಂತ ಮಾಡೋದು?

ಜಗಲಿ_ಓದು (ಶಿರಸಿ)

ಎಲ್ರಿಗೂ ನಮಸ್ಕಾರ, ಪೋಸ್ಟ್ ಸ್ವಲ್ಪ ಉದ್ದ ಆಗ್ತದೆ, ಬೇಜಾರು ಮಾಡ್ಕೋಬೇಡಿ.

ನಮ್ಮನೆ ಶಿರಸಿ ಪ್ಯಾಟೆಯಿಂದ ಹದಿನೈದು ಕಿಲೋಮೀಟರ್ ಒಳಗೆ, ಬಸ್ಸು ಬೆಳಿಗ್ಗೆ ಒಂದು ಸಂಜೆ ಒಂದು. ಬೆಂಗ್ಳೂರು ಬಿಟ್ಟು ಬಂದು ಈಗ ಮನೆಯಿಂದ್ಲೇ ಕೆಲ್ಸ. ರಜೆಯಲ್ಲಿ ಅಕ್ಕಪಕ್ಕದ ಮಕ್ಳು ಮೊಬೈಲ್ ಎತ್ತಿ ಹಿಡ್ಕೊಂಡು ನೆಟ್‌ವರ್ಕ್ ಹುಡುಕ್ತಾ ಗುಡ್ಡೆ ಹತ್ತೋದು ನೋಡಿ ನೋಡಿ ಸಾಕಾಗಿ ಭಾನುವಾರ ಮಧ್ಯಾಹ್ನ ನಮ್ಮನೆ ಜಗಲಿ ಮೇಲೆ ಓದೋ ಗುಂಪು ಅಂತ ಶುರು ಮಾಡಿದ್ದೆ. ಎಂಟನೇ ಕ್ಲಾಸಿಂದ ಪಿಯುಸಿವರೆಗೆ ಹದಿನಾಲ್ಕು ಮಕ್ಳು. ಅರ್ಧ ಜನ ಕನ್ನಡ ಮೀಡಿಯಂ, ಹಂಗಾಗಿ ಇಂಗ್ಲಿಷ್ ಪುಸ್ತಕ ಆದ್ರೆ ನಾನು ಒಂದೊಂದು ಅಧ್ಯಾಯ ಓದ್ಕೊಂಡು ಕನ್ನಡದಲ್ಲಿ ಹೇಳೋದು, ಮಧ್ಯ ಮಧ್ಯ ಆಯಿ ಅವಲಕ್ಕಿ ಮಜ್ಜಿಗೆ ತಂದಿಡೋದು, ಹಿಂಗೆ ನಡೀತಾ ಇತ್ತು.

ಈ ಸಲ ರಿಕ್ ರಿಯೋರ್ಡನ್ ಬರೆದ ಪರ್ಸಿ ಜಾಕ್ಸನ್ ಮೊದಲನೇ ಪುಸ್ತಕ ತಗೊಂಡ್ವಿ, 2005ರದ್ದು. ಹನ್ನೆರಡು ವರ್ಷದ ಹುಡ್ಗ, ಎಷ್ಟು ಶಾಲೆಗೆ ಹಾಕಿದ್ರೂ ಹೊರಗೆ ಹಾಕ್ತಾರೆ, ಕೂತಲ್ಲಿ ಕೂರೋಕಾಗಲ್ಲ, ಓದೋಕೆ ಕೂತ್ರೆ ಅಕ್ಷರ ಎಲ್ಲ ತಿರುಗುಮುರುಗು ಆಗ್ತದೆ. ಆಮೇಲೆ ನೋಡಿದ್ರೆ ಅವ ಗ್ರೀಕ್ ದೇವ್ರ ಮಗ, ಅವನ ತಲೆ ಹಳೇ ಗ್ರೀಕ್ ಭಾಷೆ ಓದೋಕೆ ಅಂತ್ಲೇ ತಯಾರಾದದ್ದು, ಅದ್ಕೇ ಇಂಗ್ಲಿಷ್ ಅಕ್ಷರ ನಿಲ್ಲಲ್ಲ. ಮಕ್ಳಿಗೆ ಹುಚ್ಚು ಹಿಡೀತು. ನಮ್ಮ ಪಾಂಡವರ ಥರಾನೇ ಅಲ್ದಾ ಅಕ್ಕಾ, ಅಪ್ಪಂದಿರೆಲ್ಲ ಮೇಲೆ, ಮಕ್ಕಳ ಗೋಳು ಕೆಳಗೆ ಅಂತ ಒಬ್ಬ ಅಂದ, ನಾನು ಬಿದ್ದೂ ಬಿದ್ದೂ ನಕ್ಕೆ.

ಪುಸ್ತಕ ಮುಗಿದ ಖುಷಿಗೆ ನಮ್ಮ ಭಾವನ ಹತ್ರ ಪ್ರೊಜೆಕ್ಟರ್ ಕೇಳ್ಕೊಂಡು ಬಂದು, ಅಪ್ಪನ ಬಿಳೀ ಪಂಚೆ ಗೋಡೆಗೆ ಕಟ್ಟಿ, 2010ರ ಸಿನಿಮಾ ಹಾಕಿದೆ. ಇಪ್ಪತ್ತು ನಿಮಿಷ ಆಗಿಲ್ಲ, ಒಂಬತ್ತನೇ ಕ್ಲಾಸಿನ ನನ್ನ ಅಕ್ಕನ ಮಗಳು ಎದ್ದು ನಿಂತ್ಲು. ಚಿಕ್ಕಮ್ಮ, ಇವ ಹನ್ನೆರಡು ವರ್ಷದವ ಎಲ್ಲಿ, ಕಾಲೇಜಿನ ಅಣ್ಣಂದಿರ ಹಂಗಿದ್ದಾನೆ ಅಂತ. ಗಂಡು ಹುಡುಗ್ರು ಕೆಲವ್ರು ಫೈಟಿಂಗ್ ಲಾಯ್ಕಿದ್ದು ಸುಮ್ನೆ ಕೂತ್ಕ ಅಂದ್ರು, ಇವಳು ಬಿಡಲಿಲ್ಲ, ಅದೆಲ್ಲೋಯ್ತು ಇದೆಲ್ಲೋಯ್ತು ಅಂತ ಒಂದೊಂದು ಸೀನಿಗೂ ಲೆಕ್ಕ ಕೇಳಿದ್ಲು, ಕೊನೆಗೆ ಯಾರೋ ಅವಲಕ್ಕಿ ಬಟ್ಲು ಒದ್ದು... ಮುಂದಿನ ವಾರ ಇಬ್ರು ಬರ್ಲೇ ಇಲ್ಲ.

ನಾನು ಕೇಳೋದು ಎಂತ ಅಂದ್ರೆ, ಈ ಹದಿಹರೆಯದವ್ರ ಕಾದಂಬರಿ ಸಿನಿಮಾ ಮಾಡೋವಾಗ ಎಂತಕ್ಕೆ ಹಿಂಗೆ ಹಾಳು ಮಾಡ್ತಾರೆ, ಬರೀ ದುಡ್ಡಿನ ವಿಷ್ಯನಾ? ಓದಿದವ್ರೂ ಓದದೆ ಇರೋವ್ರೂ ಒಟ್ಟಿಗೆ ಕೂತು ನೋಡೋ ಹಂಗೆ ಆಗಿರೋದು ಯಾವ್ದಾದ್ರೂ ಇದ್ಯಾ? ಕನ್ನಡದ್ದು ಇದ್ರೆ ಇನ್ನೂ ಒಳ್ಳೇದು. ಮಳೆ ಹಿಡಿಯೋದ್ರೊಳಗೆ ನಾಲ್ಕೈದು ಭಾನುವಾರ ಉಳ್ದದೆ.

ಕೋಡಿಬಾಗ_ಹುಡ್ಗ (ಕಾರವಾರ)

ಅಕ್ಕಾ ನಿಮ್ಮ ಅಕ್ಕನ ಮಗಳು ಹೇಳಿದ್ದು ನೂರಕ್ಕೆ ನೂರು ಸರಿ, ನನ್ನ ಕಡೆಯಿಂದ ಅವಳಿಗೊಂದು ಐಸ್‌ಕ್ರೀಂ ಕೊಡ್ಸಿ.

ಆ ಸಿನಿಮಾದಲ್ಲಿ ವಯಸ್ಸು ಜಾಸ್ತಿ ಮಾಡಿದ್ದು ಸಣ್ಣ ವಿಷ್ಯ ಅಲ್ಲ. ಆ ಸರಣಿಯ ಭವಿಷ್ಯವಾಣಿ ಇರೋದೇ ಹುಡ್ಗನಿಗೆ ಹದಿನಾರು ತುಂಬೋ ದಿನಕ್ಕೆ. ಐದು ಪುಸ್ತಕ ಪೂರ್ತಿ ಆ ಹುಟ್ಟುಹಬ್ಬದ ಕಡೆಗೆ ಓಡೋದು. ಮೊದಲ ಸಿನಿಮಾದಲ್ಲೇ ಅವನನ್ನ ಅಷ್ಟು ದೊಡ್ಡವನನ್ನಾಗಿ ಮಾಡಿದ್ರೆ ಮುಂದೆ ಓಡೋಕೆ ಜಾಗ ಎಲ್ಲಿ? ರಿಯೋರ್ಡನ್ ಶೂಟಿಂಗಿಗೂ ಮೊದ್ಲೇ ನಿರ್ಮಾಪಕರಿಗೆ ಇಮೇಲ್ ಬರೆದು ವಯಸ್ಸು ಏರಿಸ್ಬೇಡಿ, ಸರಣಿನೇ ಸಾಯ್ತದೆ ಅಂತ ಹೇಳಿದ್ರು, ಕೇಳ್ಲಿಲ್ಲ, ಎಷ್ಟೋ ವರ್ಷ ಆದ್ಮೇಲೆ ಆ ಇಮೇಲ್‌ಗಳನ್ನ ಅವ್ರೇ ತಮ್ಮ ವೆಬ್‌ಸೈಟಲ್ಲಿ ಹಾಕಿದ್ರು, ಸಿಕ್ರೆ ಓದಿ, ಸಿಟ್ಟು ಬಂದ ಮಾಸ್ತರು ಪೇಪರ್ ತಿದ್ದಿದ ಹಂಗಿದೆ (ಅವ್ರು ಮೊದ್ಲು ಮಾಸ್ತರೇ ಆಗಿದ್ರಂತೆ). ಎರಡು ಸಿನಿಮಾಕ್ಕೇ ನಿಂತೋಯ್ತು. 2023ರ ಡಿಸೆಂಬರಿಂದ ಅದೇ ಕಥೆ ಡಿಸ್ನಿಯಲ್ಲಿ ಸೀರೀಸ್ ಆಗಿ ಬಂತು, ಈ ಸಲ ಅವ್ರೂ ಒಳಗೇ ಕೂತು ಮಾಡಿದ್ದು, ಹುಡ್ಗನೂ ನಿಜವಾಗ್ಲೂ ಹುಡ್ಗ. ನಿಮ್ಮ ಗುಂಪಿಗೆ ಅದನ್ನ ತೋರ್ಸಿ.

ಆದ್ರೆ ಎಲ್ಲ ಹಾಳು ಅಂತ ಒಪ್ಪಲ್ಲ. ಹಂಗರ್ ಗೇಮ್ಸ್ ನೋಡಿ, ಮಕ್ಳನ್ನ ಕಾಡಿಗೆ ಬಿಟ್ಟು ಒಬ್ರನ್ನೊಬ್ರು ಕೊಲ್ಲೋ ಆಟ ಆಡಿಸಿ ಟಿವಿಯಲ್ಲಿ ತೋರ್ಸೋ ಕಥೆ. ನಾನು ಸಿನಿಮಾ ನೋಡಿನೇ ಪುಸ್ತಕ ಓದಿದ್ದು, ಅದೂ ಹನ್ನೊಂದನೇ ಕ್ಲಾಸಲ್ಲಿ, ಸಿಇಟಿ ಪುಸ್ತಕದ ಒಳಗಿಟ್ಕೊಂಡು. ಪುಸ್ತಕ 2008, ಸಿನಿಮಾ 2012. ಪುಸ್ತಕದಲ್ಲಿ ಪೂರ್ತಿ ಕ್ಯಾಟ್ನಿಸ್ ಹುಡುಗಿ ನಾನು ನಾನು ಅಂತ ಹೇಳ್ಕೊಂಡು ಹೋಗ್ತಾಳೆ, ಅವಳಿಗೆ ಕಾಣದ್ದು ನಮಗೂ ಕಾಣಲ್ಲ. ಸಿನಿಮಾದಲ್ಲಿ ಆ ಒಳಮಾತು ಹೆಚ್ಚುಕಮ್ಮಿ ಪೂರಾ ಕಿತ್ತು, ಬದ್ಲಿಗೆ ಕಂಟ್ರೋಲ್ ರೂಂ ತೋರ್ಸಿದ್ರು. ಕಾಡಿಗೆ ಬೆಂಕಿ ಹಚ್ಚೋದು ಯಾರು, ಮೃಗ ಬಿಡೋದು ಯಾರು, ಬಟನ್ ಒತ್ತೋ ಕೈ ಯಾರದ್ದು ಅಂತ. ಪುಸ್ತಕದಲ್ಲಿ ಆ ಸೀನುಗಳೇ ಇಲ್ಲ. ಆದ್ರೂ ಪುಸ್ತಕದ ಹೆದರಿಕೆ ಹಂಗೇ ಉಳೀತು, ಎಂತಕ್ಕಂದ್ರೆ ಮಕ್ಳನ್ನ ಕೊಲ್ಲಿಸಿ ಟಿವಿಯಲ್ಲಿ ನೋಡೋರ ಮುಖ ಕಾಣ್ತು. ನಾವೂ ಆಗ ನೋಡ್ತಾನೇ ಇದ್ವಲ್ಲ, ಪಾಪ್‌ಕಾರ್ನ್ ತಿನ್ಕೊಂಡು.

ಬಿಟ್ಟದ್ದೂ ಇದೆ. ಕ್ಯಾಟ್ನಿಸ್ ಚುಚ್ಕೊಳ್ಳೋ ಹಕ್ಕಿ ಪಿನ್ನು ಪುಸ್ತಕದಲ್ಲಿ ಮೇಯರ್ ಮಗಳು ಮ್ಯಾಜ್ ಕೊಡೋದು, ಸಿನಿಮಾದಲ್ಲಿ ಮ್ಯಾಜೇ ಇಲ್ಲ. ಅವಳ ಜೊತೆ ಆ ಆಟಕ್ಕೆ ಹೋದ ಪೀಟನ ಕಾಲು ಪುಸ್ತಕದಲ್ಲಿ ಹೋಗ್ತದೆ, ಸಿನಿಮಾದಲ್ಲಿ ಗಟ್ಟಿಮುಟ್ಟು. ಅದು ನನಗೆ ಈಗ್ಲೂ ಕೋಪ.

ಕಾನಸೂರು_ಕಷಾಯ (ಸಿದ್ದಾಪುರ)

ಎಲ್ಲ ಸುಮ್ನೆ ರಗಳೆ ಮಾರಾಯ್ರೆ. ಯಕ್ಷಗಾನದ ಆಟದಲ್ಲಿ ಐವತ್ತು ವರ್ಷದ ಕಲಾವಿದರು ಅಭಿಮನ್ಯು ಮಾಡ್ತಾರೆ, ಅಭಿಮನ್ಯುಗೆ ಹದಿನಾರು ವರ್ಷ, ಯಾರಾದ್ರೂ ಎದ್ದು ನಿಂತು ಕೇಳಿದ್ದುಂಟಾ? ಬೆಳಿಗ್ಗೆವರೆಗೆ ಕೂತು ಚಪ್ಪಾಳೆ ಹೊಡೆದು ಬರ್ತೇವೆ. ಇಂಗ್ಲಿಷ್ ಸಿನಿಮಾದ ಹುಡ್ಗನಿಗೆ ಮಾತ್ರ ಆಧಾರ್ ಕಾರ್ಡ್ ಚೆಕ್ ಮಾಡೋದು.

ಕೋಡಿಬಾಗ_ಹುಡ್ಗ (ಕಾರವಾರ)

@ಕಾನಸೂರು_ಕಷಾಯ ಹ್ಹ ಹ್ಹ ಇದಕ್ಕೆ ಉತ್ತರ ಇಲ್ಲ ನನ್ನ ಹತ್ರ.

ಅಕ್ಕಿಕಾಳು_ಮಾಸ್ತರ (ಹೊನ್ನಾವರ)

ಉತ್ತರ ನನ್ನ ಹತ್ರ ಉಂಟು. ಮೂವತ್ತನಾಲ್ಕು ವರ್ಷ ಹೈಸ್ಕೂಲಲ್ಲಿ ಕನ್ನಡ ಪಾಠ ಮಾಡಿದವ ನಾನು, ಈಗ ಪೆನ್ಷನ್, ಹಾಗಾಗಿ ಟೈಪ್ ಮಾಡೋಕೆ ಟೈಮು ಬೇಕಷ್ಟು ಉಂಟು. ತಪ್ಪು ಅಕ್ಷರ ಇದ್ರೆ ಮೊಮ್ಮಗನ ಕೀಬೋರ್ಡಿನ ತಪ್ಪು.

ಅಭಿಮನ್ಯು ವೇಷದ ಮಾತು ಒಳ್ಳೇ ಮಾತು. ಆದ್ರೆ ತಮಾ, ಐವತ್ತರ ಕಲಾವಿದ ಅಭಿಮನ್ಯು ಆಗಿ ರಂಗಸ್ಥಳಕ್ಕೆ ಹಾರಿ ಬಂದಾಗ ನಿನಗೆ ಕಾಣೋದು ಅವರ ವಯಸ್ಸಲ್ಲ, ಆ ಹುರುಪು. ಚಕ್ರವ್ಯೂಹದ ಒಳಗೆ ಹೋಗೋಕೆ ಮಾತ್ರ ಗೊತ್ತು, ಹೊರಗೆ ಬರೋಕೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನ ದೊಡ್ಡವರ ಎದುರು ಹೇಳಿನೂ ಹೋಗ್ತೇನೆ ಅನ್ನೋ ಪೋರತನ ಉಂಟಲ್ಲ, ಅದು ಕುಣಿತದಲ್ಲಿ, ಮಾತಲ್ಲಿ, ಅಮ್ಮನ ಹತ್ರ ಅಪ್ಪಣೆ ಕೇಳೋ ಜಾಗದಲ್ಲಿ ಇರಬೇಕು. ಅದು ಇಲ್ದಿದ್ರೆ ನಮ್ಮ ಗುಣವಂತೆ ಕಡೆ ಪ್ರೇಕ್ಷಕರು ಎದ್ದು ನಿಂತು ಕೇಳಲ್ಲ ಅಷ್ಟೇ, ಎದ್ದು ಚಾ ಕುಡಿಯೋಕೆ ಹೋಗ್ತಾರೆ. ಅಂದ್ರೆ ಮುಖದ ವಯಸ್ಸು ಬೇರೆ, ಪಾತ್ರದ ವಯಸ್ಸು ಬೇರೆ. ಆ ಪರ್ಸಿ ಸಿನಿಮಾ ನನ್ನ ಮೊಮ್ಮಗನ ಜೊತೆ ನೋಡಿದ್ದೆ, ಅದರಲ್ಲಿ ಎರಡೂ ದೊಡ್ಡದಾಗಿ ಹೋಗಿದ್ವು.

ಇನ್ನೊಂದು. ಪುಸ್ತಕದಲ್ಲಿ ಹುಡುಗ ಮನಸ್ಸೊಳಗೆ ಆಡ್ಕೊಳ್ಳೋ ಮಾತನ್ನ ಬರೆಯೋಕೆ ಲೇಖಕ ಇದ್ದಾನೆ. ಆಟದಲ್ಲಿ ಪಾತ್ರಧಾರಿ ಸುಮ್ಮನೆ ನಿಂತಾಗ ಅವನ ಮನಸ್ಸನ್ನ ಭಾಗವತರು ಹಾಡ್ತಾರೆ. ಸಿನಿಮಾದಲ್ಲಿ ಆ ಕೆಲಸ ಯಾರು ಮಾಡಬೇಕು? ಅದು ಗೊತ್ತಿದ್ದ ನಿರ್ದೇಶಕ ಗೆದ್ದ. ಗೊತ್ತಿಲ್ಲದವ ಬೆಂಕಿ, ಹಾವು, ಹಾರಾಟ ತಂದು ತುಂಬಿಸ್ತಾನೆ.

ನಮ್ಮ ಹೊನ್ನಾವರದ ಕಡೆಯ ಶಂಕರ್ ನಾಗ್ ಇದನ್ನ ಬಲ್ಲವ. ಆರ್. ಕೆ. ನಾರಾಯಣ್ 1935ರಲ್ಲಿ ಬರೆದ ಸ್ವಾಮಿಯ ಪುಸ್ತಕ ತಗೊಂಡು ಆಗುಂಬೆಯನ್ನ ಮಾಲ್ಗುಡಿ ಮಾಡಿದ. ಸ್ವಾಮಿಯ ಒಳಗೆ ಎಂತ ನಡೀತಾ ಉಂಟು ಅಂತ ಅಲ್ಲಿ ಯಾರೂ ಬಾಯಿಬಿಟ್ಟು ಹೇಳೋದಿಲ್ಲ. ಎಲ್. ವೈದ್ಯನಾಥನ್ ಅವರ ಆ ಸಂಗೀತ ಉಂಟಲ್ಲ, ಅದೇ ಭಾಗವತಿಕೆ. ಮತ್ತೆ ಮಾಸ್ಟರ್ ಮಂಜುನಾಥನ ಕಣ್ಣು. ಅಪ್ಪ ಲೆಕ್ಕ ಕೇಳೋವಾಗ ಮಾವಿನಹಣ್ಣು ಹಣ್ಣಾಗಿತ್ತಾ ಇಲ್ವಾ ಅಂತ ಯೋಚ್ನೆ ಮಾಡೋ ಹುಡುಗನನ್ನ ತೆರೆ ಮೇಲೆ ತರೋದು ಕ್ರಿಕೆಟ್ ಮ್ಯಾಚ್ ತೋರಿಸಿದಷ್ಟು ಸುಲಭ ಅಲ್ಲ.

ಜಗಲಿ ಓದು ತಂಗೀ, ಒಂದು ಪ್ರಶ್ನೆ. ಆ ಇಬ್ಬರು ಬರಲಿಲ್ಲ ಅಂದೆಯಲ್ಲ, ಯಾರು? ಜಗಳ ಆಡಿದವರಾ?

ತೋಟದ_ಮನೆ_ರೀಲು (ದಾಂಡೇಲಿ, ಈಗ ಬೆಂಗಳೂರು)

ನಾನು ಎಡಿಟಿಂಗ್ ಲೈನಲ್ಲಿ ಇದ್ದೇನೆ, ಸ್ವಲ್ಪ ನಮ್ಮ ಕಡೆಯ ಗೋಳೂ ಕೇಳಿ. ಎಲ್ಲದಕ್ಕೂ ಡೈರೆಕ್ಟರಿಗೆ ಬೈಯೋದು ಸುಲಭ.

ಸ್ಕ್ರಿಪ್ಟಿನ ಒಂದು ಪುಟ ಅಂದ್ರೆ ಪರದೆ ಮೇಲೆ ಅಂದಾಜು ಒಂದು ನಿಮಿಷ, ಇದು ನಮ್ಮಲ್ಲಿ ಎಲ್ರೂ ಇಟ್ಕೊಳ್ಳೋ ಲೆಕ್ಕ. ಎರಡು ತಾಸಿನ ಸಿನಿಮಾಕ್ಕೆ ನೂರಿಪ್ಪತ್ತು ಪುಟ, ಅದೂ ಅಗಲ ಅಗಲ ಮಾರ್ಜಿನ್ ಬಿಟ್ಟು ಟೈಪ್ ಮಾಡಿದ್ದು. ಈ ಕಾದಂಬರಿಗಳು ಮುನ್ನೂರು ನಾನ್ನೂರು ಪುಟ. ಮೂರರಲ್ಲಿ ಎರಡು ಪಾಲು ಹೋಗ್ಲೇಬೇಕು. ಮಾಸ್ತರು ಆಟದ ಮಾತು ತೆಗೆದ್ರಲ್ಲ, ಅದೇ ಲೆಕ್ಕ, ಇಡೀ ರಾತ್ರಿ ಆಟನ ಕಾಲಮಿತಿಗೆ ಇಳಿಸೋವಾಗ ಮೊದ್ಲು ಹಾರೋದು ಯಾವ್ದು? ಪಾತ್ರಗಳು ಬಂದು ಕುಣಿಯೋ ಒಡ್ಡೋಲಗ, ಹಾಸ್ಯ. ಹಂಗೇ ಸಿನಿಮಾದಲ್ಲಿ ಮೊದ್ಲು ಹಾರೋದು ಮಕ್ಳು ಸುಮ್ನೆ ಕೂತು ಹರಟೋ ಜಾಗ. ಹ್ಯಾರಿ ಪಾಟರ್ ಪುಸ್ತಕದಲ್ಲಿ ಪೀವ್ಸ್ ಅಂತ ಒಂದು ತಂಟೆ ದೆವ್ವ ಇದೆ, ಎಂಟು ಸಿನಿಮಾದಲ್ಲಿ ಒಂದರಲ್ಲೂ ಅದು ಕಾಣ್ಲಿಲ್ಲ. ಕಥೆ ಮುಂದೆ ಹೋಗೋಕೆ ಅದು ಬೇಡ. ಆದ್ರೆ ಓದಿದ ಮಕ್ಳು ಇವತ್ತಿಗೂ ಕೇಳೋದು ಅದನ್ನೇ, ಯಾಕಂದ್ರೆ ಆ ಶಾಲೆಯಲ್ಲಿ ಇದ್ದ ಹಂಗೆ ಅನಿಸ್ತಿದ್ದುದೇ ಅಂಥದ್ರಿಂದ.

ವಯಸ್ಸಿನ ವಿಷ್ಯಕ್ಕೆ ಬರ್ತೇನೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಹದಿನೆಂಟರ ಒಳಗಿನವ್ರು ಸೆಟ್ಟಲ್ಲಿ ದಿನಕ್ಕೆ ಇಷ್ಟೇ ತಾಸು ಅಂತ ಕಾನೂನಿದೆ, ಶಾಲೆ ಪಾಠನೂ ಸೆಟ್ಟಲ್ಲೇ ಮಾಡಿಸ್ಬೇಕು. ಅದ್ರ ಬದ್ಲು ಇಪ್ಪತ್ತರವರನ್ನ ತಂದು ಹದಿನಾರು ಅಂದ್ರೆ ಶೂಟಿಂಗ್ ಬೇಗ ಮುಗೀತದೆ. ಹಂಗರ್ ಗೇಮ್ಸ್ ಶುರು ಆದಾಗ ಜೆನ್ನಿಫರ್ ಲಾರೆನ್ಸ್‌ಗೆ ಇಪ್ಪತ್ತು, ಪಾತ್ರಕ್ಕೆ ಹದಿನಾರು. ಅಲ್ಲಿ ಇಷ್ಟು ಬೈಲಿಲ್ಲ, ಮಾಸ್ತರು ಹೇಳಿದ್ದೇ ಕಾರಣ. ಇನ್ನು ಹಿಂಸೆ. ಕಥೆನೇ ಮಕ್ಳು ಮಕ್ಳನ್ನ ಕೊಲ್ಲೋದು, ನೋಡೋಕೆ ಬರ್ಬೇಕಾದವ್ರೂ ಮಕ್ಳೇ. ಸರ್ಟಿಫಿಕೇಟ್ ಕೈತಪ್ಪಿದ್ರೆ ಓದಿದವ್ರಿಗೇ ಥಿಯೇಟರ್ ಬಾಗ್ಲು ಬಂದ್. ಬ್ರಿಟನ್ನಲ್ಲಿ ಸಣ್ಣವ್ರಿಗೆ ತೋರ್ಸೋ ಸರ್ಟಿಫಿಕೇಟ್ ಬೇಕು ಅಂತ ಏಳು ಸೆಕೆಂಡ್ ತೆಗೆದ್ರು. ಏಳೇ ಸೆಕೆಂಡ್. ಆ ಏಳು ಸೆಕೆಂಡ್ ಹುಡುಕಿ ತೆಗೆಯೋಕೆ ಎಡಿಟರ್ ಎಷ್ಟು ರಾತ್ರಿ ಕೂತಿದ್ನೋ ಅಂತ ನನಗೆ ಅನಿಸ್ತದೆ, ಬೇರೆಯವ್ರಿಗೆ ಅನಿಸಲ್ಲ ಬಿಡಿ.

ಆದ್ರೆ ಕೊನೇ ಪುಸ್ತಕನ ಎರಡು ಸಿನಿಮಾ ಮಾಡೋದನ್ನ ಮಾತ್ರ ನಾನು ವಹಿಸ್ಕೊಂಡು ಮಾತಾಡಲ್ಲ. ಹ್ಯಾರಿ ಪಾಟರ್ 2010, 2011ರಲ್ಲಿ ಮಾಡಿದ್ರು, ದೊಡ್ಡ ಪುಸ್ತಕ, ಸರಿ ಅನ್ನೋಣ. ಆಮೇಲೆ ಎಲ್ರಿಗೂ ಅದೇ ಚಟ ಹತ್ತಿತು. ಟ್ವೈಲೈಟ್ ಮಾಡ್ತು, ಹಂಗರ್ ಗೇಮ್ಸ್ ಮಾಡ್ತು. ಡೈವರ್ಜೆಂಟ್‌ನವ್ರೂ ಮೂರನೇ ಪುಸ್ತಕನ ಎರಡು ತುಂಡು ಮಾಡೋಕೆ ಹೋದ್ರು, 2016ರಲ್ಲಿ ಮೊದಲ ತುಂಡು ಬಿದ್ದೋಯ್ತು, ಎರಡನೇ ತುಂಡು ಬರ್ಲೇ ಇಲ್ಲ. ಥಿಯೇಟರಿಗೆ ದುಡ್ಡು ಕೊಟ್ಟು ಮೂರು ಸಿನಿಮಾ ನೋಡಿದವ್ರಿಗೆ ಕ್ಲೈಮ್ಯಾಕ್ಸೇ ಇಲ್ಲ! ನಮ್ಮೂರ ಕಡೆ ಹಿಂಗೆ ಮಾಡಿದ್ರೆ ಮೇಳದವ್ರ ಪೆಟ್ಟಿಗೆ ಊರು ದಾಟ್ತಾ ಇರ್ಲಿಲ್ಲ.

ಜಗಲಿ_ಓದು (ಶಿರಸಿ)

ಎಷ್ಟು ಚೆಂದ ಬರ್ದಿದ್ದೀರಿ ಎಲ್ರೂ. ಆಯಿಗೆ ಓದಿ ಹೇಳಿದೆ, ಅಭಿಮನ್ಯು ವಿಷ್ಯಕ್ಕೆ ಅವ್ಳು ಮಾಸ್ತರ ಪಾರ್ಟಿ.

ಮಾಸ್ತರೇ, ನೀವು ಕೇಳಿದ್ಮೇಲೆ ಲೆಕ್ಕ ಹಾಕಿದೆ. ಒಬ್ಬಳು ಅಜ್ಜನ ಮನೆಗೆ ಹೋಗಿದ್ದು, ಅದು ಬಿಡಿ. ಇನ್ನೊಬ್ಬ ಜಗಳಕ್ಕೆ ಬಾಯೇ ಹಾಕಿರ್ಲಿಲ್ಲ. ಹೆಸ್ರು ಬೇಡ. ಎಂಟನೇ ಕ್ಲಾಸು. ಓದೋಕೆ ಕಷ್ಟ ಅವನಿಗೆ, ಒತ್ತಕ್ಷರ ಬಂದ್ರೆ ನಿಂತೋಗ್ತಾನೆ, ಶಾಲೆಯಲ್ಲಿ ದಡ್ಡ ಅಂತ ಹಿಂದೆ ಕೂರಿಸ್ತಾರೆ. ನಾನು ಪರ್ಸಿಗೆ ಅಕ್ಷರ ತೇಲಿ ಹೋಗೋ ಜಾಗ ಹೇಳಿದ ದಿನ ಮನೆಗೆ ಹೋಗೋವಾಗ ಹಿಂದೆ ಬಂದು, ಅವನಿಗೂ ಹಂಗೇ ಆಗ್ತದಾ ಅಂತ ಎರಡೆರಡು ಸಲ ಕೇಳಿದ್ದ. ಸಿನಿಮಾದಲ್ಲಿ ಅದೊಂದು ಸಣ್ಣ ಸೀನು, ಬಂದಿದ್ದೇ ಗೊತ್ತಾಗಲ್ಲ, ಆಮೇಲೆ ಬರೀ ಕತ್ತಿವರಸೆ.

ನನಗೆ ಹೊಳೀಲೇ ಇಲ್ಲ ನೋಡಿ.

ಅಕ್ಕಿಕಾಳು_ಮಾಸ್ತರ (ಹೊನ್ನಾವರ)

ಹಾಂ. ನನಗೆ ಅದೇ ಅನುಮಾನ ಇತ್ತು. ಹಿಂದಿನ ಬೆಂಚಿನವರು ಜಗಳ ಆಡೋದಿಲ್ಲ ತಂಗೀ, ಸುಮ್ಮನೆ ಬರೋದು ಬಿಡ್ತಾರೆ. ರಿಯೋರ್ಡನ್ ಆ ಕಥೆ ಕಟ್ಟಿದ್ದೇ ತನ್ನ ಮಗನಿಗೆ ಅಂತ, ಆ ಮಗನಿಗೂ ಅಕ್ಷರದ ತೊಂದರೆ, ಕೂರೋಕಾಗದ ತೊಂದರೆ ಎರಡೂ ಇತ್ತು. ನಿನ್ನ ಹುಡುಗನಿಗೆ ಇದನ್ನ ಹೇಳು. ಸಿನಿಮಾ ತೋರಿಸೋದಕ್ಕಿಂತ ಮೊದಲು ಇದನ್ನ ಹೇಳು.

ಬಗ್ಗೋಣ_ಭಾರತಿ (ಕುಮಟಾ)

ಕಣ್ಣಲ್ಲಿ ನೀರು ಬಂತು ಆ ಹುಡ್ಗನ ಸುದ್ದಿ ಓದಿ. ನಮ್ಮನೆಲೂ ಒಬ್ಬ ಇದ್ದಾನೆ ಹಂಗೇ.

ನನ್ನ ಮಗಳು ಪಿಯುಸಿ, ಅವಳಿಂದಾಗಿ ಈ ಲೋಕ ನನಗೆ ಗೊತ್ತು. ಅವಳು ಜಾನ್ ಗ್ರೀನ್ ಅವ್ರ ಕ್ಯಾನ್ಸರ್ ಹುಡುಗಿ ಕಾದಂಬರಿ, ದಿ ಫಾಲ್ಟ್ ಇನ್ ಅವರ್ ಸ್ಟಾರ್ಸ್ ಓದಿ ಎರಡು ದಿನ ಊಟ ಬಿಟ್ಟಿದ್ಲು, ನಾನು ಮೀನು ಹುರಿದಿಟ್ರೂ ಏಳಲಿಲ್ಲ ಅಂದ್ರೆ ನೋಡಿ. ಅದೇ ಕಥೆನ ಹಿಂದಿಯಲ್ಲಿ ದಿಲ್ ಬೇಚಾರಾ ಅಂತ ಮಾಡಿದ್ರು, ಅದ್ರ ಹೀರೋ ಸುಶಾಂತ್ ಸಿಂಗ್ ತೀರಿಹೋದ್ಮೇಲೆ 2020ರ ಜುಲೈಯಲ್ಲಿ ಬಂತು. ಇವಳು ಬೈಕೊಂಡೇ ನೋಡಿದ್ಲು, ಆಮ್‌ಸ್ಟರ್‌ಡ್ಯಾಂ ಹೋಗಿ ಪ್ಯಾರಿಸ್ ಆಯ್ತು, ಮೂಲದಲ್ಲಿ ಹುಡ್ಗ ಹುಡ್ಗಿ ಹೇಳ್ಕೊಳ್ಳೋ ಓಕೆ ಹೋಗಿ ಸೆರಿ ಆಯ್ತು ಅಂತ. ನನಗೆ ಬೇರೆ ಒಂದು ಕಂಡಿತು. ಮೂಲದಲ್ಲಿ ಆ ಹುಡುಗಿಗೆ ಒಂದು ಕಾದಂಬರಿ ಹುಚ್ಚು, ಅದು ವಾಕ್ಯದ ಮಧ್ಯದಲ್ಲೇ ನಿಂತೋಗಿರ್ತದೆ, ಮುಂದೆ ಎಂತ ಆಯ್ತು ಅಂತ ಕೇಳೋಕೆ ಲೇಖಕನನ್ನ ಹುಡುಕ್ಕೊಂಡು ಅಷ್ಟು ದೂರ ಹೋಗ್ತಾಳೆ. ಹಿಂದಿಯವ್ರು ಕಾದಂಬರಿ ತೆಗೆದು ಅಲ್ಲಿ ಅರ್ಧಕ್ಕೆ ನಿಂತ ಹಾಡು ಇಟ್ರು, ಲೇಖಕನ ಜಾಗಕ್ಕೆ ಹಾಡುಗಾರ. ನಮ್ಮ ದೇಶದಲ್ಲಿ ಮಕ್ಳು ಒಂದು ಪುಸ್ತಕಕ್ಕಾಗಿ ಅಷ್ಟು ದೂರ ಹೋಗ್ತಾರೆ ಅಂದ್ರೆ ಜನ ನಂಬಲ್ಲ ಅಂತ ಅಂದ್ಕೊಂಡ್ರೇನೋ, ಹಾಡಿಗಾದ್ರೆ ನಂಬ್ತಾರೆ. ಮಗಳಿಗೆ ಇದು ಹೇಳಿದ್ದಕ್ಕೆ, ಅಮ್ಮಾ ನೀನು ಸುಮ್ನೆ ನೋಡು ಅಂದ್ಲು.

ಪುಸ್ತಕಕ್ಕಾಗಿ ಹಂಬಲಿಸೋ ಹುಡ್ಗನ ಕಥೆ ಕನ್ನಡದಲ್ಲಿ ಇದೆಯಲ್ಲ, ಯಾರೂ ಇನ್ನೂ ಹೇಳ್ಲಿಲ್ಲ ಆಶ್ಚರ್ಯ! ಬೆಟ್ಟದ ಹೂವು! ಅಪ್ಪು ಸಣ್ಣವನಿದ್ದಾಗ, 1985. ಎನ್. ಲಕ್ಷ್ಮೀನಾರಾಯಣ್ ನಿರ್ದೇಶನ. ಅದು ಇಂಗ್ಲಿಷ್ ಕಾದಂಬರಿಯಿಂದ ಮಾಡಿದ್ದು ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ಶಿರ್ಲಿ ಅರೋರಾ ಅನ್ನೋರು ಮಕ್ಕಳಿಗೆ ಅಂತ ಬರೆದ ವಾಟ್ ದೆನ್, ರಾಮನ್? ಅಂತ ಪುಸ್ತಕ, ದಕ್ಷಿಣ ಭಾರತದ ಬೆಟ್ಟದ ಊರಿನ ಕಥೆ. ರಾಮು ಬಡವ್ರ ಮನೆ ಹುಡ್ಗ, ಶಾಲೆ ಬಿಟ್ಟು ದುಡೀಬೇಕು, ಆದ್ರೆ ಕುವೆಂಪು ಅವ್ರ ಶ್ರೀರಾಮಾಯಣದರ್ಶನಂ ಕೊಂಡ್ಕೊಳ್ಳೋ ಆಸೆ. ಸಿನಿಮಾದಲ್ಲಿ ಅವನಿಂದ ಕಾಡಿನ ಹೂವು ತರಿಸ್ಕೊಳ್ಳೋ ವಿದೇಶಿ ಮೇಡಂ ಹೆಸ್ರೂ ಶಿರ್ಲಿ ಅಂತ್ಲೇ ಇಟ್ಟಿದ್ದಾರೆ, ಬರೆದವ್ರಿಗೆ ಒಂದು ಕೈಮುಗಿದ ಹಂಗೆ. ನೋಡಿ, ಇಷ್ಟು ಬದ್ಲಾಯಿಸಿದ್ರೂ ಯಾರೂ ಹಾಳಾಯ್ತು ಅಂದಿಲ್ಲ. ಹುಡ್ಗನಿಗೆ ಆಗ ಹತ್ತು ವರ್ಷ, ಹತ್ತು ವರ್ಷದವನ ಹಂಗೇ ಇದ್ದಾನೆ. ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿನೂ ಬಂತು.

ಇನ್ನೊಂದು ಸುದ್ದಿ, ನಿಮ್ಮ ಜಗಳಗಂಟಿ ಅಕ್ಕನ ಮಗಳಿಗೆ. ಎಸ್. ಇ. ಹಿಂಟನ್ ಅನ್ನೋ ಹುಡುಗಿ ಹೈಸ್ಕೂಲಲ್ಲಿದ್ದಾಗ್ಲೇ ದಿ ಔಟ್‌ಸೈಡರ್ಸ್ ಬರೆಯೋಕೆ ಶುರು ಮಾಡಿದ್ದು, 1967ರಲ್ಲಿ ಅಚ್ಚಾಯ್ತು. ಅದನ್ನ ಸಿನಿಮಾ ಮಾಡಿ ಅಂತ ಕ್ಯಾಲಿಫೋರ್ನಿಯಾದ ಒಂದು ಶಾಲೆಯ ಲೈಬ್ರರಿಯನ್ ಒಬ್ರೂ ಮಕ್ಳೂ ಸೇರಿ ಸಹಿ ಹಾಕಿ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾಗೆ ಕಾಗ್ದ ಬರೆದ್ರು, ಗಾಡ್‌ಫಾದರ್ ಮಾಡಿದವ್ರು! ಅವ್ರು 1983ರಲ್ಲಿ ಮಾಡಿಯೇ ಬಿಟ್ರು. ಆದ್ರೆ ಬಿಡುಗಡೆ ಹೊತ್ತಿಗೆ ತುಂಬ ಕತ್ತರಿಸಿದ್ರು, 2005ರಲ್ಲಿ ಇಪ್ಪತ್ತೆರಡು ನಿಮಿಷ ವಾಪಸ್ ಸೇರಿಸಿ ಮತ್ತೆ ಬಿಟ್ರು. ಹಾಗಾಗಿ ಹುಡುಗೀರು ಎದ್ದು ನಿಂತು ಲೆಕ್ಕ ಕೇಳಿದ್ರೆ ಬೈಬೇಡಿ.

ತೋಟದ_ಮನೆ_ರೀಲು (ದಾಂಡೇಲಿ, ಈಗ ಬೆಂಗಳೂರು)

ಭಾರತಿ ಅಕ್ಕ ಸೂಪರ್. ಇಪ್ಪತ್ತೆರಡು ನಿಮಿಷ ವಾಪಸ್ ಸೇರಿಸೋ ಭಾಗ್ಯ ಎಲ್ಲ ಎಡಿಟರಿಗೂ ಸಿಗ್ಲಿ.

ಇದಕ್ಕೆ ಸೇರಿದ್ದು ಇನ್ನೊಂದು ಹೇಳ್ತೇನೆ, ಬರೆದವ್ರೇ ಮಾಡಿದ್ದು. ದಿ ಪರ್ಕ್ಸ್ ಆಫ್ ಬೀಯಿಂಗ್ ಎ ವಾಲ್‌ಫ್ಲವರ್, ಸ್ಟೀಫನ್ ಚಬೋಸ್ಕಿ 1999ರಲ್ಲಿ ಬರೆದು 2012ರಲ್ಲಿ ತಾವೇ ನಿರ್ದೇಶನ ಮಾಡಿದ್ರು. ಹೋಲ್ಸ್ ಅಂತ ಲೂಯಿಸ್ ಸೆಕರ್ ಅವ್ರದ್ದು, ಸ್ಕ್ರಿಪ್ಟು ಅವ್ರೇ ಬರೆದದ್ದು, 2003. ಪರ್ಕ್ಸ್ ನಿಮ್ಮ ಗುಂಪಿಗೆ ಬೇಡ ಅಕ್ಕಾ, ವಿಷ್ಯ ಭಾರ, ಎಂಟನೇ ಕ್ಲಾಸಿನವ್ರ ಜೊತೆ ಕೂತು ನೋಡೋಕೆ ಮುಜುಗರ ಆಗ್ತದೆ. ಹೋಲ್ಸ್ ಆರಾಮಾಗಿ ತೋರ್ಸಿ. ಮಾಡದ ತಪ್ಪಿಗೆ ಶಿಕ್ಷೆ ಅಂತ ಒಣ ಕೆರೆಯಲ್ಲಿ ದಿನಾ ಗುಂಡಿ ತೋಡೋ ಹುಡುಗ್ರು, ನಮ್ಮ ಕಡೆ ಅಡಿಕೆ ಸಸಿಗೆ ಗುಂಡಿ ತೋಡಿದ ಮಕ್ಳಿಗೆ ಬೇಗ ಅರ್ಥ ಆಗ್ತದೆ.

ಕಾನಸೂರು_ಕಷಾಯ (ಸಿದ್ದಾಪುರ)

ನಾನು ಸುಮ್ನೆ ಒಂದು ಮಾತು ಅಂದದ್ದಕ್ಕೆ ಇಷ್ಟೆಲ್ಲ ಬಂತು, ಕ್ರೆಡಿಟ್ ನನಗೇ ಕೊಡಿ.

ಆದ್ರೆ ನಿಜ ಹೇಳಿ, ನಮ್ಮ ಕಡೆ ಹೈಸ್ಕೂಲ್ ಪಿಯುಸಿ ಮಕ್ಳು ತಾವಾಗೇ ಹುಡುಕಿ ಓದೋ ಕನ್ನಡ ಪುಸ್ತಕ ಯಾವ್ದು? ಕರ್ವಾಲೋ. ತೇಜಸ್ವಿ ಅದನ್ನ ಮಕ್ಳಿಗೆ ಅಂತ ಬರ್ದಿಲ್ಲ, ಮಕ್ಳೇ ತಮ್ಮದು ಮಾಡ್ಕೊಂಡದ್ದು. ಅದನ್ನ ಸಿನಿಮಾ ಮಾಡಿದ್ರೆ ಎಂತಾಗ್ತದೆ ಅಂತ ಯೋಚ್ನೆ ಮಾಡಿ. ಮಂದಣ್ಣನ ಮದುವೆಗೆ ಒಂದು ಡ್ಯಾನ್ಸು, ಕರ್ವಾಲೋರಿಗೆ ಒಬ್ಬ ವಿಲನ್, ಕೊನೆಗೆ ಹಾರುವ ಓತಿ ಗ್ರಾಫಿಕ್ಸಲ್ಲಿ ಹದ್ದಿನಷ್ಟು ದೊಡ್ಡದಾಗಿ ಕ್ಯಾಮೆರಾ ಮೇಲೆ ಹಾರಿ ಬರ್ತದೆ. ಪುಸ್ತಕದಲ್ಲಿ ಅಷ್ಟು ಕಾಡು ಅಲೆದು ಹುಡುಕಿದ್ದು ಕಣ್ಣೆದುರೇ ಪ್ರಪಾತಕ್ಕೆ ತೇಲಿಕೊಂಡು ಹೋಗಿಬಿಡ್ತದೆ, ಅಷ್ಟೇ. ಆ ಅಷ್ಟೇ ಅನ್ನೋದನ್ನ ಯಾವ ನಿರ್ಮಾಪಕ ಒಪ್ತಾನೆ?

ಕೋಡಿಬಾಗ_ಹುಡ್ಗ (ಕಾರವಾರ)

ಕರ್ವಾಲೋದಲ್ಲಿರೋ ಕಿವಿ ಅನ್ನೋ ನಾಯಿಗೆ ಡಬ್ಬಿಂಗ್ ಧ್ವನಿ ಕೊಟ್ಟು ಮಾತಾಡಿಸ್ತಾರೆ ನೋಡಿ ಬೇಕಾದ್ರೆ.

ಅಕ್ಕಿಕಾಳು_ಮಾಸ್ತರ (ಹೊನ್ನಾವರ)

ಕರ್ವಾಲೋ ಸುದ್ದಿಗೆ ಬರಬೇಡಿ, ನನ್ನ ಬಿಪಿ ಏರ್ತದೆ.

ಜಗಲಿ_ಓದು (ಶಿರಸಿ)

ಎಲ್ರಿಗೂ ಅಪ್‌ಡೇಟ್. ಮೊನ್ನೆ ಭಾನುವಾರ ಬೆಟ್ಟದ ಹೂವು ಹಾಕಿದ್ವಿ.

ಅದಕ್ಕೂ ಮೊದ್ಲು ಶನಿವಾರ ನಾನೇ ಆ ಹುಡ್ಗನ ಮನೆಗೆ ಹೋಗಿದ್ದೆ, ಮಾಸ್ತರು ಹೇಳಿದ್ದನ್ನ ಹೇಳಿದೆ, ಬರೆದವ್ರ ಮಗನ ವಿಷ್ಯ. ಅವ ಕೊಟ್ಟಿಗೆಯಲ್ಲಿ ಹುಲ್ಲು ಹಾಕ್ತಾ ಇದ್ದ, ಹಾಂ ಹೂಂ ಅನ್ನಲಿಲ್ಲ, ಇವ ಬರಲ್ಲ ಅಂತ್ಲೇ ಅಂದ್ಕೊಂಡೆ. ಭಾನುವಾರ ಬಂದ, ಕೊನೇ ಮೆಟ್ಲ ಮೇಲೆ ಚಪ್ಪಲಿ ಪಕ್ಕ ಕೂತ.

ಈ ಸಲ ಆಯಿ, ಅಜ್ಜಿ, ಪಕ್ಕದ ಮನೆ ದೊಡ್ಡಮ್ಮ ಎಲ್ಲ ಬಂದು ಕೂತ್ರು, ಮಕ್ಳಿಗಿಂತ ಅವ್ರದ್ದೇ ಗಲಾಟೆ. ಬಿಸಿಲೇ ಇರಲಿ ಮಳೆಯೇ ಬರಲಿ ಹಾಡು ಬಂದಾಗ ಎಲ್ರೂ ಒಟ್ಟಿಗೆ ಹಾಡಿದ್ದು, ಹಾಡಿದ್ದಕ್ಕೋ ಎಂತದೋ ನಿಜವಾಗ್ಲೂ ಮಳೆನೇ ಬಂತು, ಗುಡುಗು ಒಂದು ಹೊಡೆದದ್ದೇ ತಡ ಕರೆಂಟು ಹೋಯ್ತು. ಇನ್ನು ಸ್ವಲ್ಪವೇ ಸಿನಿಮಾ ಉಳ್ದಿತ್ತು. ರಾಮು ದುಡ್ಡು ಒಟ್ಟು ಮಾಡಿ ಆಗಿದೆ. ಮಕ್ಳು ಬೊಬ್ಬೆ.

ಆವಾಗ ಅಜ್ಜಿ ಕತ್ಲಲ್ಲೇ, ನಾ ಈ ಸಿನಿಮಾ ಬಂದ ವರ್ಷವೇ ಟಾಕೀಸಲ್ಲಿ ನೋಡಿದ್ದೆ, ಮುಂದಿಂದು ನಾ ಹೇಳ್ತೆ ಅಂದ್ಲು. ಚಿಮಣಿ ಹಚ್ಕೊಂಡು ಕೂತ್ವಿ. ಅಜ್ಜಿ ಕಥೆಯಲ್ಲಿ ರಾಮು ಪ್ಯಾಟೆಗೆ ಓಡಿ ಹೋಗಿ ಪುಸ್ತಕ ತಗಂಡು ಬರ್ತಾನೆ, ಮನೆಯವ್ರನ್ನೆಲ್ಲ ಕೂರಿಸ್ಕೊಂಡು ಓದಿ ಹೇಳ್ತಾನೆ, ಅವನ ಅಮ್ಮ ಅಳ್ತಾಳೆ. ಎಷ್ಟು ಲಾಯ್ಕ ಹೇಳಿದ್ಲು ಅಂದ್ರೆ ದೊಡ್ಡಮ್ಮ ಮೂಗು ಒರೆಸ್ಕೊಳ್ತಾ ಇದ್ರು.

ಕರೆಂಟು ಒಂದು ತಾಸು ಬಿಟ್ಟು ಬಂತು. ಹಾಕಿದ್ರೆ ರಾಮು ತಂದದ್ದು ಪುಸ್ತಕ ಅಲ್ಲ, ಕಂಬಳಿ. ಚಳಿಗಾಲ ಬಂತು ಅಂತ ಮನೆಯವ್ರಿಗೆ ಕಂಬಳಿ.

ನನ್ನ ಅಕ್ಕನ ಮಗಳು ತಿರುಗಿ ಅಜ್ಜಿ ಹತ್ರ ಲೆಕ್ಕ ಕೇಳೋಕೆ ಶುರು, ನೀನು ಸುಳ್ಳು ಹೇಳಿದ್ದಾ, ಮರ್ತೋಗಿದ್ದಾ? ಅಜ್ಜಿ, ನಾ ನೋಡಿದ್ದು ಹಂಗೇ, ನಿಮ್ಮ ಪ್ರೊಜೆಕ್ಟರೇ ಸರಿ ಇಲ್ಲೆ ಅಂತ ಗಟ್ಟಿ ಕೂತ್ಲು. ಮಕ್ಳು ಎರಡು ಪಾರ್ಟಿ ಆದ್ರು, ಅಜ್ಜಿ ಕ್ಲೈಮ್ಯಾಕ್ಸ್ ಬೆಸ್ಟು, ಸಿನಿಮಾದ್ದು ಬೆಸ್ಟು ಅಂತ. ಆಗ ಮೆಟ್ಲ ಮೇಲಿಂದ ಆ ಹುಡ್ಗ, ಅಜ್ಜಿ ಹೇಳಿದ್ರಲ್ಲಿ ಅವ ಎಲ್ರೆದ್ರು ತಡಬಡಾಯಿಸದೆ ಓದಿದ್ನಾ ಅಂತ ಕೇಳಿದ. ಅಜ್ಜಿ, ಎಲ್ಲಿ, ಮಧ್ಯ ಮಧ್ಯ ನಿಂತೋಗ್ತಿದ್ದ, ಯಾರೂ ನಗಾಡ್ಲಿಲ್ಲ ಅಂದ್ಲು. ಹಂಗಾರೆ ಅಜ್ಜಿದೇ ಅಕ್ಕು, ಅದೇ ಆಗ್ತದೆ ಅಂದ.

ಈಗ ಎಲ್ರೂ ಮೂಲ ಪುಸ್ತಕದಲ್ಲಿ ಎಂತ ಇದೆ ಅಂತ ನೋಡ್ಲೇಬೇಕು ಅಂತ ಹಟ ಹಿಡಿದಿದ್ದಾರೆ. ವಾಟ್ ದೆನ್, ರಾಮನ್? ಹಳೇ ಪ್ರತಿ ಯಾರ ಹತ್ರಾದ್ರೂ ಇದ್ರೆ ಹೇಳಿ, ಶಿರಸಿ ಬಸ್ ಸ್ಟ್ಯಾಂಡಿಗೆ ಬಂದು ತಗೊಂಡು ಹೋಗ್ತೇನೆ, ಓದಿ ವಾಪಸ್ ಕೊಡ್ತೇನೆ. ಮತ್ತೆ ಪ್ರೊಜೆಕ್ಟರಿಗೆ ಎರಡು ತಾಸು ತಡೆಯೋ ಇನ್ವರ್ಟರ್ ಎಷ್ಟರದ್ದು ತಗೊಳ್ಳೋದು, ಗೊತ್ತಿದ್ದವ್ರು ಹೇಳಿ. ಮುಂದಿನ ಭಾನುವಾರ ಹೋಲ್ಸ್.